ಒದೆಯದ ಹ್ಯಾಂಡಲ್

ಈ ಸಲ ನೊರೀನ್ ಟಾಸ್ಕರ್ ಹೆಬ್ಬೆರಳನ್ನು ಬೇಕೆಂದೇ ತಪ್ಪಾಗಿ ಸುತ್ತಿ ಬೋಟಿನ ಎಂಜಿನ್ ತಿರುಗಿಸುವ ಹ್ಯಾಂಡಲ್ ಹಿಡಿದಳು.

ಹಾಗೆ ಹಿಡಿಯಬಾರದು. ಐದೂ ಬೆರಳು ಹ್ಯಾಂಡಲಿನ ಒಂದೇ ಬದಿಗಿರಬೇಕು. ಎಂಜಿನ್ ಹಿಂದಕ್ಕೆ ಒದ್ದರೆ, ಸುತ್ತಿ ಹಿಡಿದ ಹೆಬ್ಬೆರಳು ಉಳಿಯುವುದಿಲ್ಲ. ಪೆಟ್ರೆಲ್ ಕೊಲ್ಲಿಯ ಮಕ್ಕಳು ಈಜುವುದಕ್ಕೂ ಮೊದಲು ಕಲಿಯುವ ಪಾಠ ಅದು. ಆದರೆ ಬೆಳಗ್ಗಿನಿಂದ ಸರಿಯಾಗಿಯೇ ಹಿಡಿದು ತಿರುಗಿಸಿ ತಿರುಗಿಸಿ ಅವಳ ತೋಳು ಸೋತಿತ್ತು. ಎಂಜಿನ್ ಒಮ್ಮೆಯೂ ಒದ್ದಿರಲಿಲ್ಲ. ಕೆಮ್ಮಿರಲೂ ಇಲ್ಲ.

ಅವಳು ಹ್ಯಾಂಡಲನ್ನು ಮೇಲಕ್ಕೆಳೆದಳು. ಸಿಲಿಂಡರಿನೊಳಗೆ ಗಾಳಿ ಒತ್ತಿಕೊಂಡು ಒಂದು ನಿಟ್ಟುಸಿರು ಕೇಳಿಸಿತು. ಅಷ್ಟೆ. ಹೆಬ್ಬೆರಳು ಇದ್ದಲ್ಲೇ ಇತ್ತು.

ಆಮೇಲೆ ಕೂರುವ ಹಲಗೆಯ ಕೆಳಗೆ ಕೈ ತೂರಿಸಿ ಅಲ್ಲಿದ್ದ ಗುಂಡಿ ಒತ್ತಿದಳು. ಎಂಜಿನ್ ತಕ್ಷಣ ಎದ್ದಿತು. ಐವತ್ತು ವರ್ಷದ ಬೋಟಿನ ಎಂಜಿನ್ನಿಗೆ ಇರಬಾರದಷ್ಟು ಮೆತ್ತಗಿನ ಸದ್ದು, ಪಕ್ಕದ ಕೋಣೆಯಲ್ಲಿ ಯಾರೋ ಬಟ್ಟೆ ಹೊಲಿಯುತ್ತಿರುವ ಹಾಗೆ. ಬೋಟ್ ಶೆಡ್ಡಿನ ಕಂಬಗಳ ನಡುವೆ ಚಹಾದ ಬಣ್ಣದ ಹ್ಯೂವನ್ ನದಿ ಸಣ್ಣಗೆ ನಡುಗಿತು. ಅವಳು ಎಂಜಿನ್ ನಿಲ್ಲಿಸಿದಳು.

ಭಾನುವಾರ ಮಾಲೀಕ ಕ್ಲೆಮ್ ಹ್ಯಾವರ್ಡನ ಹೆಣ ತೇಲುತ್ತಿದ್ದದ್ದು ಎಸ್ಮೆ ಎಂಬ ಈ ಬೋಟಿಗೂ ಕಟ್ಟೆಗೂ ನಡುವೆ. ತಲೆಗೆ ಪೆಟ್ಟು, ಮುರಿದ ಬಲಮಣಿಕಟ್ಟು, ಎಂಜಿನ್ನಿನ ಮೂತಿಗೆ ಸಿಕ್ಕಿಸಿದ ಹ್ಯಾಂಡಲ್. ನೋಡಿದವರೆಲ್ಲ ಒಂದೇ ಮಾತು ಹೇಳಿದರು: ಹ್ಯಾಂಡಲ್ ಒದೆಯಿತು, ಮುದುಕ ಹಾರಿ ಬಿದ್ದ. ಮಂಗಳವಾರ ಹೋಬಾರ್ಟ್‌ನಿಂದ ಶವಪರೀಕ್ಷೆಯ ವೈದ್ಯೆ ಫೋನ್ ಮಾಡಿದರು. ಮಣಿಕಟ್ಟಿನ ಮೂಳೆಯ ಸುತ್ತ ರಕ್ತ ಇಳಿದಿಲ್ಲ, ಅದು ಮುರಿದದ್ದು ಉಸಿರು ನಿಂತ ಮೇಲೆ.

ಸತ್ತವರು ಹ್ಯಾಂಡಲ್ ಹೊಡೆಯುವುದಿಲ್ಲ. ಯಾರೋ ಕ್ಲೆಮ್‌ನನ್ನು ಕೊಂದು, ಕೈ ಮುರಿದು, ಗೋಡೆಯಲ್ಲಿದ್ದ ಹ್ಯಾಂಡಲ್ ತಂದು ಸಿಕ್ಕಿಸಿ ಒಂದು ಅಪಘಾತವನ್ನು ಕಟ್ಟಿ ನಿಲ್ಲಿಸಿದ್ದರು.

ಯಾರು ಅನ್ನುವುದನ್ನು ಹೋಬಾರ್ಟಿನ ಇನ್ಸ್‌ಪೆಕ್ಟರ್ ಬೀಮಿಶ್ ಆಗಲೇ ಗಟ್ಟಿ ಮಾಡಿಕೊಂಡಿದ್ದ. ಥಿಯಾ ಪಿಯರ್ಸ್. ಊರಿನಲ್ಲಿ ಎಂಜಿನ್ ರಿಪೇರಿ ಮಾಡುವವಳು. ಶೆಡ್ಡಿಗೆ ಇರುವುದು ಎರಡೇ ಕೀಲಿ. ಒಂದು ಕ್ಲೆಮ್‌ನ ಜೇಬಿನಲ್ಲಿತ್ತು. ಇನ್ನೊಂದು ಪಿಯರ್ಸ್ ಮನೆಯ ಅಡುಗೆಮನೆಯ ಮೊಳೆಯಲ್ಲಿ. ಬಾಗಿಲಿಗೆ ಕೀಲಿ ಹಾಕಿತ್ತು, ಬೀಗ ಮುರಿದಿರಲಿಲ್ಲ. ಶನಿವಾರ ಸಂಜೆ ಅವಳ ಯೂಟ್ ಪಿಕಪ್ ಗಾಡಿ ಶೆಡ್ಡಿನ ಹತ್ತಿರ ನಿಂತಿದ್ದನ್ನು ಪಕ್ಕದ ತೋಟದವರು ಕಂಡಿದ್ದರು. ಅದೇ ವಾರ ಅವಳೂ ಕ್ಲೆಮ್ಮೂ ರಸ್ತೆಗೆ ಕೇಳುವ ಹಾಗೆ ಜಗಳವಾಡಿದ್ದರು. ಯಾವ ವಿಷಯಕ್ಕೆಂದು ಅವಳು ಹೇಳಿರಲಿಲ್ಲ. ಹ್ಯಾಂಡಲ್ ಹೇಗೆ ಒದೆಯುತ್ತದೆ ಎಂದು ಅವಳಿಗಲ್ಲದೆ ಇನ್ಯಾರಿಗೆ ಗೊತ್ತಿರಬೇಕು ಎಂದು ಬೀಮಿಶ್ ಕೇಳಿದ್ದ. ಮಧ್ಯಾಹ್ನ ಊಟವಾದ ಮೇಲೆ ಬಂದು ಕರೆದೊಯ್ಯುತ್ತೇನೆ ಅಂದಿದ್ದ.

ಇಪ್ಪತ್ತು ವರ್ಷದಿಂದ ಈ ಊರಿನ ಪೊಲೀಸ್ ಸಾರ್ಜೆಂಟ್ ಆಗಿದ್ದ ನೊರೀನ್‌ಗೆ ಆ ಪ್ರಶ್ನೆ ಬೇರೆ ಥರ ಕೇಳಿಸಿತ್ತು. ಹ್ಯಾಂಡಲ್ ಒದೆಯುತ್ತದೆ ಎಂದು ಇಲ್ಲಿ ಯಾರಿಗೆ ಗೊತ್ತಿಲ್ಲ? ಆದರೆ ಈ ಹ್ಯಾಂಡಲ್?

ಎಂಜಿನ್ನಿನ ಪಕ್ಕದಲ್ಲಿ ಕಿಡಿ ಹಂಚುವ ಡಿಸ್ಟ್ರಿಬ್ಯೂಟರ್ ನಿಂತಿತ್ತು. ಬೇಕಲೈಟ್ ಪ್ಲಾಸ್ಟಿಕ್ಕಿನ ಕಂದು ಕ್ಯಾಪ್, ಅದರಿಂದ ನಾಲ್ಕು ಸಿಲಿಂಡರಿಗೆ ನಾಲ್ಕು ತಂತಿ. ಕ್ಯಾಪನ್ನು ಹಿಡಿದಿಟ್ಟ ಕ್ಲಿಪ್ಪುಗಳ ಸುತ್ತ ತೆಳ್ಳಗಿನ ತಾಮ್ರದ ಎಳೆ, ಅದರ ತುದಿಗೆ ಲಂಗರಿನ ಗುರುತೊತ್ತಿದ ಸೀಸದ ಸೀಲು. ಫೆಬ್ರವರಿಯ ರೆಗಟ್ಟಾ ಬೋಟ್ ಪಂದ್ಯಕ್ಕೆ ಮೊದಲು ಬೋಟ್ ಕ್ಲಬ್ಬಿನ ತೀರ್ಪುಗಾರ ಪ್ರತಿ ಹಳೆಯ ಬೋಟಿಗೂ ಹಾಕುವ ಸೀಲು ಅದು. ಕಾರ್ಖಾನೆಯಿಂದ ಬಂದ ಹಾಗೇ ಇರುವ ಎಂಜಿನ್ನಿಗೆ ಮಾತ್ರ ಹಳೆ ಎಂಜಿನ್ ಕಪ್ ಎಂಬ ಬಹುಮಾನ. ಬ್ಯಾಟರಿಯ ಸ್ಟಾರ್ಟರಿಗೆ ವಿನಾಯಿತಿ ಇದೆ, ಮುದುಕರ ಭುಜಗಳ ಸಲುವಾಗಿ. ಬೇರೆ ಯಾವುದಕ್ಕೂ ಇಲ್ಲ. ತೀರ್ಪುಗಾರ ಹೊರಗಿನಿಂದಲೇ ನೋಡುತ್ತಾನೆ. ಕ್ಯಾಪ್ ಬಿಚ್ಚಿ ಒಳಗೆ ಇಣುಕುವುದೆಂದರೆ ಮಾಲೀಕನನ್ನು ಎಲ್ಲರೆದುರು ಸುಳ್ಳುಗಾರ ಅಂದ ಹಾಗೆ. ಹಾಗೆ ಬಿಚ್ಚಿಸಿದ್ದನ್ನು ನೊರೀನ್ ಕಂಡೇ ಇರಲಿಲ್ಲ.

ಬೀಮಿಶ್ ಸೀಲು ನೋಡಿದ್ದ, ಎಂಜಿನ್ ಹಳೆಯದೇ ಎಂದು ತಿಳಿದು ಮುಂದೆ ಹೋಗಿದ್ದ. ಗುಂಡಿ ಇದ್ದರೂ ಹ್ಯಾಂಡಲ್ ಯಾಕೆ ಎಂದು ಅವಳು ಕೇಳಿದಾಗ, ಬ್ಯಾಟರಿ ಸೋತಿದೆ ಎಂದು ತೋರಿಸಬೇಕಿತ್ತೇನೋ ಅಂದಿದ್ದ. ಬ್ಯಾಟರಿ ಸೋತಿರಲಿಲ್ಲ ಎಂದು ಈಗ ಗೊತ್ತಾಗಿತ್ತು.

ನೊರೀನ್ ತಾಮ್ರದ ಎಳೆಯನ್ನು ಕತ್ತರಿಸಿದಳು. ಕೈ ಕ್ಷಣ ಹೊತ್ತು ಹಿಂಜರಿಯಿತು. ಕೊಲೆಯ ತನಿಖೆಯಲ್ಲೂ ಈ ಊರಿನವಳಿಗೆ ಅದು ಸುಲಭದ ಕೆಲಸವಲ್ಲ.

ಕ್ಯಾಪ್ ಮೇಲೆದ್ದಿತು. ಒಳಗೆ ಇರಬೇಕಾದದ್ದು ಇರಲಿಲ್ಲ.

ಅವಳ ಅಪ್ಪನ ಸೇಬಿನ ತೋಟದ ಪಂಪಿಗೂ ಇಂಥದೇ ಡಿಸ್ಟ್ರಿಬ್ಯೂಟರ್ ಇತ್ತು. ಒಳಗೆ ಕಿಡಿ ಹುಟ್ಟಿಸಲು ಬಾಯಿ ತೆರೆದು ಮುಚ್ಚುವ ಪಾಯಿಂಟುಗಳು, ವೇಗ ಹೆಚ್ಚಿದಂತೆ ಹೊರಕ್ಕೆ ಚಿಮ್ಮಿ ಕಿಡಿ ಬೇಗ ಹಾರುವಂತೆ ಮಾಡುವ ಎರಡು ಪುಟ್ಟ ತೂಕಗಳು. ಇಲ್ಲಿ ಪಾಯಿಂಟುಗಳೇ ಇಲ್ಲ. ತೂಕಗಳು ಅಲುಗದ ಹಾಗೆ ಬುಡಕ್ಕೆ ಬೆಸುಗೆಯ ಒಂದೊಂದು ಹನಿ ಬಿದ್ದಿತ್ತು. ನಡುವೆ ತಿರುಗುವ ದಂಡದ ಮೇಲೆ ಹೊಳೆಯುವ ಹೊಸ ತಟ್ಟೆ, ಅಂಚಿನಲ್ಲಿ ನಾಲ್ಕು ಸೀಳು, ಅವುಗಳಲ್ಲಿ ಒಂದು ಮಿಕ್ಕವುಗಳಿಗಿಂತ ಅಗಲ. ಪಕ್ಕದಲ್ಲಿ ಉಗುರಿನಷ್ಟು ಕರಿಯ ಸೆನ್ಸರ್. ಅದರ ತಂತಿಗಳು ಹಳೆಯ ತೂತಿನಿಂದಲೇ ಹೊರಬಂದಿದ್ದವು. ಅವುಗಳಿಗೆ ಹತ್ತಿಯ ನೂಲಿನ ಹೊದಿಕೆ ಹಾಕಿ, ಎಣ್ಣೆ ಮಸಿ ಸವರಿ ಹಳೆಯದರಂತೆ ಮಾಡಿದ್ದರು. ಅವು ಹಲಗೆಯ ಕೆಳಗೆ ಒಂದು ಬಿಸ್ಕೆಟ್ ಡಬ್ಬದೊಳಕ್ಕೆ ಹೋಗುತ್ತಿದ್ದವು. ಡಬ್ಬದಲ್ಲಿ ಪುಟ್ಟ ಕಂಪ್ಯೂಟರು. ಹಿತ್ತಾಳೆಯ ಹಳೆ ಕಾರ್ಬುರೇಟರಿನ ಹೊಟ್ಟೆ ಬಗೆದು ಅದರೊಳಗೆ ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಟರುಗಳನ್ನು ಅಡಗಿಸಿದ್ದರು.

ಮೋಸವೇ ಹೌದು. ಆದರೆ ಇಷ್ಟು ಪ್ರೀತಿಯಿಂದ ಮಾಡಿದ ಮೋಸವನ್ನು ಅವಳು ನೋಡಿರಲಿಲ್ಲ.

ಹೋಬಾರ್ಟ್‌ನಲ್ಲಿ ರೇಸ್ ಕಾರುಗಳ ಎಂಜಿನ್ ಟ್ಯೂನ್ ಮಾಡುವ ಗೆಳತಿಯೊಬ್ಬಳಿದ್ದಳು. ನೊರೀನ್ ಫೋಟೋಗಳನ್ನು ಕಳಿಸಿ ಅವಳಿಗೆ ಫೋನ್ ಮಾಡಿದಳು. ಗೆಳತಿ ಮೊದಲು ಸಿಳ್ಳೆ ಹಾಕಿದಳು, ಆಮೇಲೆ ವಿವರಿಸಿದಳು. ಈಗ ಕಿಡಿ ಯಾವಾಗ ಹಾರಬೇಕೆಂದು ಹೇಳುವುದು ಡಿಸ್ಟ್ರಿಬ್ಯೂಟರ್ ಅಲ್ಲ, ಕಂಪ್ಯೂಟರ್. ಡಿಸ್ಟ್ರಿಬ್ಯೂಟರಿನ ಕೆಲಸ ಎರಡೇ: ಎಂಜಿನ್ ಎಲ್ಲಿದೆ ಎಂದು ಕಂಪ್ಯೂಟರಿಗೆ ತಿಳಿಸುವುದು, ಕಿಡಿಯನ್ನು ಸರಿಯಾದ ಸಿಲಿಂಡರಿಗೆ ಹಂಚುವುದು. ಅಗಲದ ಸೀಳು ಒಂದನೇ ಸಿಲಿಂಡರಿನ ಗುರುತು. ಅದನ್ನು ಕಂಡು, ಸಾಕಷ್ಟು ವೇಗವೂ ಇದ್ದರೆ ಮಾತ್ರ ಕಂಪ್ಯೂಟರ್ ಕಿಡಿ ಬಿಡುತ್ತದೆ. ಮನುಷ್ಯನ ಕೈ ತಿರುಗಿಸುವ ವೇಗ ಅದಕ್ಕೆ ಸಾಲದು.

ಕಿಡಿಯೇ ಇಲ್ಲದಿದ್ದರೆ ಎಂಜಿನ್ ಒದೆಯುವುದು ಯಾತರಿಂದ?

ಗೆಳತಿ ಇನ್ನೊಂದು ಮಾತನ್ನೂ ಸೇರಿಸಿದಳು. ಈ ಕೆಲಸ ಮಾಡಿದವರ ಹತ್ತಿರ ಕಿಟಕಿ ಕೊರೆದ ಕ್ಯಾಪ್ ಒಂದು ಇದ್ದೇ ಇರುತ್ತದೆ. ಕಿಡಿ ಹಾರುವ ಕ್ಷಣದಲ್ಲಿ ಒಳಗೆ ತಿರುಗುವ ರೋಟರಿನ ತುದಿ ತಂತಿಯ ಮೊಳೆಗೆ ಎದುರಾಗಿಯೇ ಇರಬೇಕು. ಇಲ್ಲದಿದ್ದರೆ ಕಿಡಿ ಪಕ್ಕದ ಮನೆಗೆ ಹೋಗುತ್ತದೆ. ಅದನ್ನು ನೋಡಲು ಹಳೆಯ ಕ್ಯಾಪ್ ಒಂದಕ್ಕೆ ಕಿಟಕಿ ಕೊರೆದು, ಮಿಟುಕುವ ಟೈಮಿಂಗ್ ದೀಪ ಹಿಡಿದು ಇಣುಕುತ್ತಾರೆ. ಅದಿಲ್ಲದೆ ಇಷ್ಟು ಮೆತ್ತಗಿನ ಸದ್ದು ಬರುವುದಿಲ್ಲ, ಹುಡುಕು ಅಂದಳು.

ನೊರೀನ್ ಕ್ಯಾಪ್ ಮುಚ್ಚಿ ಬೋಟಿನಲ್ಲೇ ಕೂತಳು. ಕೊಂದವರು ಈ ಅಪಘಾತವನ್ನು ನೆನಪಿನಿಂದ ಕಟ್ಟಿದ್ದರು. ಅವರ ನೆನಪಿನಲ್ಲಿದ್ದ ಎಂಜಿನ್ ಒದೆಯುವಂಥದು. ಅದು ಯಾವಾಗಲೋ ಹೋಗಿ, ಅದೇ ಚರ್ಮದೊಳಗೆ ಬೇರೆಯದೊಂದು ಬಂದು ಕೂತಿದೆ ಎಂದು ಅವರಿಗೆ ಗೊತ್ತಿರಲಿಲ್ಲ. ಗೊತ್ತಿದ್ದವರು ಹ್ಯಾಂಡಲ್ ಮುಟ್ಟುತ್ತಿರಲಿಲ್ಲ.

ಅಂದರೆ, ಡಿಸ್ಟ್ರಿಬ್ಯೂಟರ್ ಬದಲಿಸಿದ ಕೈ ಕೊಂದ ಕೈಯಲ್ಲ. ಪೆಟ್ರೆಲ್ ಕೊಲ್ಲಿಯಲ್ಲಿ ಇಂಥ ಕೆಲಸ ಬಲ್ಲ ಕೈ ಒಂದೇ, ಥಿಯಾಳದು.

ನೊರೀನ್‌ಗೆ ಸಂತೋಷವಾಯಿತು. ಅದು ಶೆಡ್ಡಿನ ಬಾಗಿಲವರೆಗೆ ಉಳಿಯಿತು. ಬೀಗ ಹಾಕುವಾಗ ಕೀಲಿ ಕೈಯಲ್ಲಿತ್ತು. ಇನ್ನೊಂದು ಕೀಲಿ ತೂಗುವ ಅಡುಗೆಮನೆಯಲ್ಲಿ ಇಬ್ಬರು ಊಟ ಮಾಡುತ್ತಾರೆ, ಥಿಯಾ ಮತ್ತು ಅವಳ ಅಪ್ಪ.

*

ಥಿಯಾಳ ವರ್ಕ್‌ಶಾಪ್ ಹಿಂದೆ ಸೇಬು ಪ್ಯಾಕ್ ಮಾಡುವ ಕೊಟ್ಟಿಗೆಯಾಗಿತ್ತು. ಮಳೆಗಾಲದಲ್ಲಿ ಈಗಲೂ ಗೋಡೆಗಳಿಂದ ಹಣ್ಣಿನ ವಾಸನೆ ಬರುತ್ತದೆ. ಅವಳು ಮೇಜಿನ ಮೇಲೆ ಬಾಗಿ, ಎರಡು ಅಂಗೈಗಳ ನಡುವೆ ಕೋಲನ್ನು ಹೊಸೆಯುತ್ತ ವಾಲ್ವ್ ಉಜ್ಜುತ್ತಿದ್ದಳು. ಮೂವತ್ತನಾಲ್ಕರ ಹೆಂಗಸು, ಹಿಂದಕ್ಕೆ ಕಟ್ಟಿದ ಕೂದಲು, ಅಪ್ಪನದೇ ದವಡೆ. ತಲೆ ಎತ್ತಲಿಲ್ಲ.

"ಬೇಡಿ ತಂದಿದ್ಯಾ, ಇಲ್ಲಾ ಅದೂ ಹೋಬಾರ್ಟ್‌ನಿಂದಾನೇ ಬರ್ಬೇಕಾ?"

"ನಮ್ ಸ್ಟೇಷನ್ನಿನ ಬೇಡಿ ತುಕ್ಕು ಹಿಡಿದಿದೆ. ನಿನ್ ಹತ್ರಾನೇ ರಿಪೇರಿಗೆ ತರೋಣ ಅಂತಿದ್ದೆ."

ಥಿಯಾ ನಕ್ಕ ಹಾಗೆ ಮಾಡಿದಳು. ಚಹಾ ಬೇಕಾ ಎಂದು ಕೇಳಿ, ಉತ್ತರಕ್ಕೆ ಕಾಯದೆ ಕೆಟಲಿಗೆ ನೀರು ತುಂಬಿದಳು. ನೊರೀನ್ ಕಣ್ಣಲ್ಲೇ ಹುಡುಕಿದಳು. ಹುಡುಕುವ ಕಷ್ಟವೇ ಬರಲಿಲ್ಲ. ಕಿಟಕಿಯ ಕಟ್ಟೆಯ ಮೇಲೆ, ಸ್ಪಾರ್ಕ್ ಪ್ಲಗ್ಗುಗಳ ಪಕ್ಕದಲ್ಲಿ, ಕಂದು ಬೇಕಲೈಟಿನ ಕ್ಯಾಪ್ ಅಂಗಾತ ಬಿದ್ದಿತ್ತು. ಎಸ್ಮೆ ಬೋಟಿನದರ ಅವಳಿ. ಒಂದು ಮೊಳೆಯ ಕೆಳಗೆ ಅಂಚೆಚೀಟಿಯಷ್ಟು ಕಿಟಕಿ, ಅಂಚುಗಳನ್ನು ಅರದಿಂದ ಉಜ್ಜಿ ನಯ ಮಾಡಿದ್ದರು.

ನೊರೀನ್ ಅದನ್ನು ಕೈಗೆತ್ತಿಕೊಂಡಳು. ಥಿಯಾ ನೋಡಿದಳು. ಕೆಟಲಿನ ಸದ್ದು ಇಬ್ಬರ ನಡುವೆ ಏರತೊಡಗಿತು.

ಯಾವ ಎಂಜಿನ್ನಿನದು ಎಂದು ನೊರೀನ್ ಕೇಳಿದಳು. ಯಾವುದೋ ಟ್ರ್ಯಾಕ್ಟರಿನದು ಎಂದು ಥಿಯಾ ಹೇಳಿದಳು. ಟ್ರ್ಯಾಕ್ಟರಿಗೆ ಕಿಟಕಿ ಯಾಕೆ ಎಂದು ಕೇಳಿದಳು. ಗಾಳಿಗೆ ಎಂದು ಹೇಳಿದಳು.

"ಎಸ್ಮೆ ಸೀಲ್ ನಾನು ಕತ್ತರಿಸಿದೆ ಥಿಯಾ."

ಥಿಯಾಳ ಕೈಯಲ್ಲಿದ್ದ ಲೋಟ ಮೇಜಿನ ಮೇಲೆ ಮೆಲ್ಲಗೆ ಇಳಿಯಿತು. ಮುಖದಲ್ಲಿ ಭಯವಿರಲಿಲ್ಲ. ಗುಟ್ಟಿನ ಮದುವೆಯೊಂದು ಊರಿಗೆ ಗೊತ್ತಾದಾಗ ಹುಡುಗಿಯ ಮುಖದಲ್ಲಿ ಇರುವಂಥದೇನೋ ಇತ್ತು. ಅವಳು ಬಾಯಿ ತೆರೆದಳು.

ಅಷ್ಟರಲ್ಲಿ ಬಾಗಿಲು ಸರಿಯಿತು. ಆಂಗಸ್ ಪಿಯರ್ಸ್ ಒಳಗೆ ಬಂದ, ಥಿಯಾಳ ಅಪ್ಪ, ಕ್ಲಬ್ಬಿನ ತೀರ್ಪುಗಾರ. ಎಪ್ಪತ್ತರಲ್ಲೂ ಬಾಗಿಲು ತುಂಬುವ ಆಳು. ಕೈಯಲ್ಲಿ ಬೇಕರಿಯ ಕಾಗದದ ಚೀಲ. ಚಿಪ್ಪುಮೀನು ತುಂಬಿದ ಸ್ಕಾಲಪ್ ಪೈಯ ಬಿಸಿ ಮಸಾಲೆ ವಾಸನೆ ಗ್ರೀಸಿನ ವಾಸನೆಯನ್ನು ಪಕ್ಕಕ್ಕೆ ತಳ್ಳಿತು. ಮಗಳು ಬೆಳಗ್ಗಿನಿಂದ ಏನೂ ತಿಂದಿಲ್ಲ ಎಂದು ನೊರೀನ್‌ಗೆ ದೂರು ಹೇಳಿದ. ನೊರೀನ್‌ಗೆ ಹಾಯಿ ಕಟ್ಟಲು ಕಲಿಸಿದ್ದವನು ಅವನೇ. ಈಗಲೂ ಹುಡುಗಿ ಎಂದೇ ಕರೆಯುತ್ತಿದ್ದ. ಅವನೂ ಕ್ಲೆಮ್ಮೂ ಇಪ್ಪತ್ತರ ಹರೆಯದಲ್ಲಿ ಎಸ್ಮೆಯ ಮೈಯನ್ನು ಹ್ಯೂವನ್ ಪೈನ್ ಮರದಿಂದ ಕೈಯಾರೆ ಕಟ್ಟಿದ್ದರು. ಎಂಜಿನ್ ಕೊಂಡದ್ದು ಕ್ಲೆಮ್, ಹಾಗಾಗಿ ಬೋಟ್ ಕ್ಲೆಮ್‌ನದಾಯಿತು. ಶನಿವಾರ ಕ್ಲಬ್ಬಿನಲ್ಲಿ ಕ್ಲೆಮ್ ಅದನ್ನು ಸಿಡ್ನಿಯ ಯಾರಿಗೋ ಮಾರುತ್ತೇನೆ ಅಂದಾಗ, ಆಂಗಸ್ ಅರ್ಧ ಬಿಯರ್ ಬಿಟ್ಟು ಎದ್ದು ಹೋಗಿದ್ದ.

ಅದನ್ನು ನೊರೀನ್ ಕೇಳಿ ತಿಳಿದಿದ್ದಳು. ಇವತ್ತಿನ ತನಕ ಅದಕ್ಕೆ ತೂಕ ಕೊಟ್ಟಿರಲಿಲ್ಲ. ಕ್ಯಾಪನ್ನು ಅವಳು ಆಗಲೇ ಟೋಪಿಯ ಕೆಳಗೆ ಇಟ್ಟಿದ್ದಳು.

ಆಂಗಸ್ ಅವಳ ಮಸಿಯಾದ ಅಂಗೈ ನೋಡಿದ.

"ಎಸ್ಮೆಗೆ ಹ್ಯಾಂಡಲ್ ಹೊಡ್ದ್ಯಾ? ಜೋಪಾನ ಕಣೇ ಹುಡುಗಿ. ಅದು ಒದೆಯೋ ಎಂಜಿನ್ನೇ. ಕ್ಲೆಮ್‌ಗೆ ಎಷ್ಟ್ ಸಲ ಹೇಳಿದೀನಿ, ಮೊದ್ಲು ಕಿಡೀನ ತಡ ಮಾಡ್ಕೋ, ಆಮೇಲೆ ತಿರುಗ್ಸು ಅಂತ. ಮರ್ತ್‌ಬಿಡ್ತಿದ್ದ ಮುದಿಯ."

ನೊರೀನ್ ಕೇಳಿದಳು. "ಆ ಪಾಯಿಂಟ್‌ಗಳನ್ನ ನೀವು ಕೊನೇ ಸಲ ನೋಡಿದ್ದು ಯಾವಾಗ ಆಂಗಸ್?"

"ನೋಡೋದೇನು? ಕೂರ್ಸಿದ್ದೇ ನಾನು. ಅದರ ಮೇಲಿನ ಸೀಲ್ ನಂದು. ಒಳಗೆ ಏನಿದೆ ಅಂತ ನಂಗೆ ಗೊತ್ತಿಲ್ವಾ?"

ಥಿಯಾ ಅಪ್ಪನನ್ನು ನೋಡಲಿಲ್ಲ. ವಾಲ್ವಿನ ಕೋಲನ್ನು ಮತ್ತೆ ಅಂಗೈಗಳ ನಡುವೆ ಇಟ್ಟುಕೊಂಡಿದ್ದಳು, ಕೈಗಳು ಹೊಸೆಯುತ್ತಿರಲಿಲ್ಲ.

ಅವನು ಪೈಗಳನ್ನು ಮೇಜಿನ ಮೇಲಿಟ್ಟ. ಒಂದು ನೊರೀನ್‌ಗೆ ಎಂದ. ಕ್ಲೆಮ್‌ನ ಅಂತ್ಯಕ್ರಿಯೆಗೆ ಎಲ್ಲ ಬೋಟುಗಳನ್ನೂ ಸಾಲಾಗಿ ತರಿಸುವ ಯೋಚನೆ ಹೇಳಿದ, ಎಸ್ಮೆಯನ್ನು ತಾನೇ ನಡೆಸುತ್ತೇನೆ ಅಂದ, ಆ ಮಾತಿನ ಮಧ್ಯೆ ಮೂಗೊರೆಸಿಕೊಂಡ. ದುಃಖ ನಿಜವಾದದ್ದೇ. ಕೊಂದವರಿಗೂ ದುಃಖ ನಿಜವಾದದ್ದೇ ಇರಬಹುದು ಎಂದು ನೊರೀನ್ ಯೋಚಿಸಿದಳು. ಅವನು ಬಾಗಿಲು ಎಳೆದುಕೊಂಡು ಹೋದ. ಹೆಜ್ಜೆಗಳು ಜಲ್ಲಿಕಲ್ಲಿನ ಮೇಲೆ ದೂರವಾದವು.

ಇಬ್ಬರೂ ಪೈ ಮುಟ್ಟಲಿಲ್ಲ.

ನೊರೀನ್ ಟೋಪಿ ಎತ್ತಿ ಕ್ಯಾಪನ್ನು ಮೇಜಿನ ನಡುವೆ ಇಟ್ಟಳು. ಮಣಿಕಟ್ಟಿನ ವಿಷಯ ಹೇಳಿದಳು, ಸತ್ತ ಮೇಲೆ ಮುರಿದದ್ದು ಎಂದು. ಥಿಯಾ ಕಣ್ಣು ಮುಚ್ಚಿಕೊಂಡಳು. ಬೀಮಿಶ್ ಹೊರಟಿದ್ದಾನೆ, ಇನ್ನೇನು ಬರುತ್ತಾನೆ ಎಂದು ಹೇಳಿದಳು. ಕೊಲೆಯ ಆರೋಪ, ಜಾಮೀನು ಸಿಗುವುದಿಲ್ಲ. ಈ ಕ್ಯಾಪ್ ಒಂದೇ ಸಾಕಾಗುವುದಿಲ್ಲ, ಯಾವ ವಕೀಲನಾದರೂ ಇದನ್ನು ಟ್ರ್ಯಾಕ್ಟರಿನದು ಎಂದೇ ಹೇಳುತ್ತಾನೆ. ಎಂಜಿನ್ ಬದಲಿಸಿದವರ ಬಾಯಿಂದಲೇ ಬರಬೇಕು.

"ಶನಿವಾರ ನೀನು ಶೆಡ್ಡಿಗೆ ಹೋಗಿದ್ದು ಯಾಕೆ?"

ಕ್ಲೆಮ್‌ನ ಜೊತೆ ರಾಜಿ ಮಾಡಿಕೊಳ್ಳಲು ಹೋಗಿದ್ದೆ ಎಂದು ಥಿಯಾ ಹೇಳಿದಳು. ಬಾಗಿಲು ಬಡಿದಳು, ಅವನು ತೆರೆಯಲಿಲ್ಲ, ಬಂದುಬಿಟ್ಟಳು. ಜಗಳ ಏನಿತ್ತು ಎಂದು ನೊರೀನ್ ಕೇಳಿದಳು.

"ಗೆದ್ದ ಕಪ್ ವಾಪಸ್ ಕೊಡ್ತೀನಿ, ನಿಮ್ಮಪ್ಪನ ಹತ್ರ ಎಲ್ಲಾ ಹೇಳ್ತೀನಿ ಅಂದ ಕ್ಲೆಮ್. ಬೇಡ ಅಂದೆ. ಅಪ್ಪ ಎರಡು ವರ್ಷ ಸೀಲ್ ಹಾಕಿದಾರೆ ನೊರೀನ್. ಊರಿನ ಎದುರಿಗೆ."

"ಏನು 'ಎಲ್ಲಾ'?"

ಥಿಯಾಗೆ ತಾನು ಎಷ್ಟು ಮುಂದೆ ಬಂದೆ ಎಂದು ತಿಳಿಯಿತು. ಬಾಯಿ ಮುಚ್ಚಿದಳು. ಕಣ್ಣು ಮೊದಲ ಸಲ ಕ್ಯಾಪಿನ ಕಡೆ ಹೋಯಿತು. ಮುಂದಿನ ಲೆಕ್ಕವನ್ನು ಅವಳು ಮಾಡುವುದನ್ನು ನೊರೀನ್ ನೋಡುತ್ತ ಕೂತಳು, ಒಂದೊಂದು ಹೆಜ್ಜೆಯಾಗಿ. ನಿಲ್ಲಿಸುವ ದಾರಿ ಇರಲಿಲ್ಲ.

"ಆ ಎಂಜಿನ್ ಒದೆಯಲ್ಲ ಅಂತ ಗೊತ್ತಿದ್ದೋರು ಹ್ಯಾಂಡಲ್ ಸಿಕ್ಕಿಸಲ್ಲ," ನೊರೀನ್ ಹೇಳಿದಳು. "ನಿಂಗೆ ಗೊತ್ತಿತ್ತು ಅಂತ ಒಂದ್ ಮಾತು ಹೇಳು. ಡಿಸ್ಟ್ರಿಬ್ಯೂಟರ್ ಬದ್ಲಾಯ್ಸಿದ್ದು ನಾನೇ, ಹೀಗೆ ಹೀಗೆ ಮಾಡ್ದೆ ಅಂತ. ಬೀಮಿಶ್ ಬರೋ ಮೊದ್ಲು ನನ್ ಹತ್ರ. ಅವನ ಕೇಸು ಅಲ್ಲಿಗೇ ಬಿದ್ದೋಗುತ್ತೆ. ಇವತ್ತು ನೀನು ನಿನ್ ಮನೇಲೇ ಮಲಗ್ತೀಯ."

"ಆ ಮನೇಲಿ ಯಾರ್ ಜೊತೆ?"

ನೊರೀನ್ ಕ್ಯಾಪನ್ನು ಅವಳ ಕಡೆಗೆ ಸರಿಸಿದಳು.

"ಶೆಡ್ಡಿಗೆ ಇರೋದು ಎರಡೇ ಕೀಲಿ," ಥಿಯಾ ಅಂದಳು. ದನಿ ಏರಲಿಲ್ಲ. "ಒಂದು ಕ್ಲೆಮ್ ಜೇಬಲ್ಲಿತ್ತು, ಇನ್ನೊಂದು ನಮ್ಮನೇಲಿ. ನಂಗೆ ಗೊತ್ತಿತ್ತು ಅಂತ ಹೇಳಿದ್ರೆ, ಗೊತ್ತಿಲ್ದೇ ಇದ್ದೋರು ಒಬ್ಬರೇ ಉಳೀತಾರೆ. ಈಗ ತಾನೆ ನಿಂಗೆ ಪೈ ಕೊಟ್ಟು ಹೋದ್ರು."

"ಅವರೇ ಅಂತ ನಾನು ಹೇಳ್ತಿಲ್ಲ."

"ನೀನು ಹೇಳ್ಬೇಕಾಗಿಲ್ಲ. ನಾನು ಹೇಳಿದ್ರೆ ಸಾಕು."

ಬೆಟ್ಟದ ರಸ್ತೆಯಲ್ಲಿ ಕಾರೊಂದು ಗೇರ್ ಬದಲಿಸಿ ಇಳಿಯುವ ಸದ್ದು ಕೇಳಿಸಿತು. ಊರಿನ ಕಾರಲ್ಲ, ಊರಿನವರು ಆ ತಿರುವಿನಲ್ಲಿ ಗೇರ್ ಬದಲಿಸುವುದಿಲ್ಲ. ನೊರೀನ್ ಮೇಜಿನ ಮೇಲೆ ಮುಂದಕ್ಕೆ ಬಾಗಿದಳು. ಅಪ್ಪ ನಿರಪರಾಧಿಯಾಗಿದ್ದರೆ ಅದನ್ನು ತೋರಿಸಲು ತಾನು ಊರೆಲ್ಲ ತಿರುಗುತ್ತೇನೆ, ಮೂರನೇ ಕೀಲಿ ಇರಬಹುದು, ಇನ್ನೇನೋ ಇರಬಹುದು, ಆದರೆ ಇಲ್ಲದ ತಪ್ಪಿಗೆ ನೀನು ಒಳಗೆ ಕೂತರೆ ಯಾರೂ ಹುಡುಕುವುದಿಲ್ಲ, ಕೇಸು ನಿನ್ನ ಮೇಲೆಯೇ ಮುಚ್ಚಿಕೊಳ್ಳುತ್ತದೆ ಎಂದು ಹೇಳಿದಳು. ತನ್ನ ದನಿ ಬೇಡುವ ದನಿಯಾಗಿದ್ದು ಅವಳಿಗೇ ಕೇಳಿಸಿತು.

ಥಿಯಾ ಚಿಂದಿ ಬಟ್ಟೆಯಲ್ಲಿ ಕೈ ಒರೆಸಿಕೊಂಡಳು. ಒಂದೊಂದೇ ಬೆರಳು, ನಿಧಾನವಾಗಿ. ಹೊರಗೆ ಜಲ್ಲಿಕಲ್ಲಿನ ಮೇಲೆ ಚಕ್ರಗಳು ನಿಂತವು. ಕಾರಿನ ಬಾಗಿಲು ಬಡಿಯಿತು.

"ಥಿಯಾ. ಹೇಳು. ಮಾಡಿದ್ದು ನೀನು ತಾನೆ?"

"ಇಲ್ಲ," ಥಿಯಾ ಅಂದಳು. "ಆ ಡಿಸ್ಟ್ರಿಬ್ಯೂಟರ್ ನಾನು ಜನ್ಮದಲ್ಲೇ ಬಿಚ್ಚಿಲ್ಲ."